ಹಕ್ಕಿ ಹೊರಟ ವೇಳೆ

ನನಗೊಂದು ಕೆಟ್ಟ ಚಾಳಿ ಇದೆ. ಹಕ್ಕಿ ಕಂಡರೆ ಸಾಕು, ಬಲಗೈ ನನ್ನನ್ನು ಕೇಳದೆಯೇ ತಲೆಯ ಮೇಲಕ್ಕೆ ಏಳುತ್ತದೆ, ಬಾಯಿ ತಾನಾಗಿ ತೆರೆಯುತ್ತದೆ, ಒಳಗಿನಿಂದ ‘ಹೋ ಹೋ ಹೋಯ್!’ ಎಂಬ ಕೂಗು ಹೊರಬೀಳುತ್ತದೆ. ಹೋದ ತಿಂಗಳು ಹುಬ್ಬಳ್ಳಿಯಲ್ಲಿ ನನ್ನ ನಾದಿನಿಯ ಮಗಳ ಮದುವೆ. ಅಕ್ಷತೆಯ ಹೊತ್ತು. ಮಂದಿಯೆಲ್ಲ ಅಕ್ಕಿಕಾಳು ಹಿಡಿದು ಸುಮ್ಮನೆ ನಿಂತಿದ್ದಾರೆ. ಅಷ್ಟರಲ್ಲಿ ಮಂಟಪದ ತಗಡಿನ ಸಂದಿಯಿಂದ ಎರಡು ಪಾರಿವಾಳ ಹೊರಟು ಮದುಮಕ್ಕಳ ತಲೆಯ ಮೇಲೆ ಹಾಯ್ದವು. ನಾನು ಕೂಗಿಬಿಟ್ಟೆ. ಅಕ್ಷತೆ ಹಾಕಲು ಇದೇ ಸೂಚನೆ ಎಂದು ತಿಳಿದ ಹಿಂದಿನ ಸಾಲಿನವರು ಅಕ್ಕಿ ಎಸೆದರು, ಅವರನ್ನು ನೋಡಿ ಮುಂದಿನವರೂ ಎಸೆದರು. ಮಂತ್ರ ಇನ್ನೂ ಅರ್ಧಕ್ಕಿತ್ತು. ಪಾರಿವಾಳಗಳು ಆರಾಮಾಗಿ ಕೆಳಗಿಳಿದು ಅಕ್ಕಿ ಆಯತೊಡಗಿದವು. ನನ್ನ ಹೆಂಡತಿ ಗಿರಿಜಾ ನನ್ನ ರಟ್ಟೆ ಹಿಡಿದು ಊಟದ ಸಾಲಿಗೆ ಎಳೆದುಕೊಂಡು ಹೋದಳು.

ನಗಬೇಡಿ. ಈ ಚಾಳಿಗೆ ನಾನೊಬ್ಬನೇ ಕಾರಣನಲ್ಲ, ತಿರ್ಲಾಪುರದ ಜೋಳವೂ ಕಾರಣ. ನಾನು ಹುಟ್ಟಿ ಬೆಳೆದದ್ದು ಅಲ್ಲಿ. ಹಿಂಗಾರಿ ಜೋಳ ತೆನೆ ಕಟ್ಟಿ ಹಾಲು ತುಂಬುವ ಹೊತ್ತಿಗೆ ಶಾಲೆಯಲ್ಲಿ ನನ್ನ ಹೆಸರು ಕರೆದರೆ ಯಾರೂ ‘ಹಾಜರ್’ ಎನ್ನುತ್ತಿರಲಿಲ್ಲ. ನಾನು ಹೊಲದ ನಡುವೆ, ನಾಲ್ಕು ಗೂಟ ನೆಟ್ಟು ಕಟ್ಟಿದ ಅಟ್ಟದ ಮೇಲೆ ಇರುತ್ತಿದ್ದೆ. ಕೈಯಲ್ಲಿ ಕಲ್ಲು ಬೀಸುವ ಕವಣಿ, ಬಾಜು ಒಂದು ಗುಂಪಿ ಹರಳು, ಬಡಿಯಲು ಎಣ್ಣೆಯ ಖಾಲಿ ಡಬ್ಬಿ, ಅರಿವೆಯಲ್ಲಿ ಕಟ್ಟಿದ ರೊಟ್ಟಿ ಮತ್ತು ಶೇಂಗಾ ಹಿಂಡಿ. ಬೆಳಗ್ಗೆ ಹೊರಡುವಾಗ ಅವ್ವ ದಿನಾ ಒಂದೇ ಮಾತು ಹೇಳುತ್ತಿದ್ದಳು: "ಲೇ, ಒಂದ ಹಕ್ಕಿ ಒಂದ ತೆನಿ ತಿಂದ್ರ ನಿನ್ನ ಒಂದ ರೊಟ್ಟಿ ಕಡಿಮಿ ಮಾಡ್ತೀನಿ ನೋಡು." ಹಕ್ಕಿಯ ಹೊಟ್ಟೆಗೂ ನನ್ನ ಹೊಟ್ಟೆಗೂ ಹೀಗೆ ನೇರ ಜಗಳ ಹಚ್ಚಿಟ್ಟಿದ್ದಳು ಅವ್ವ.

ಆದ್ದರಿಂದ ನಮ್ಮ ಊರಿನ ಪಕ್ಷಿಶಾಸ್ತ್ರದಲ್ಲಿ ಹಕ್ಕಿಗಳು ಎರಡೇ ಜಾತಿ. ಜೋಳ ತಿನ್ನುವುದು ಒಂದು, ಜೋಳ ತಿನ್ನದ್ದು ಇನ್ನೊಂದು. ಮೊದಲನೆಯದಕ್ಕೆ ಕಲ್ಲು. ಎರಡನೆಯದು ಯಾವುದೆಂದು ದೂರದಿಂದ ಗೊತ್ತಾಗುವುದಿಲ್ಲವಾದ್ದರಿಂದ ಅದಕ್ಕೂ ಕಲ್ಲು. ನನ್ನ ಗುರಿಯ ಬಗ್ಗೆಯೂ ಹೇಳಿಬಿಡುತ್ತೇನೆ. ಏಳೆಂಟು ವರ್ಷ ಕವಣಿ ಬೀಸಿದ ನಾನು ಒಂದು ಹಕ್ಕಿಗೂ ಕಲ್ಲು ತಾಗಿಸಿದವನಲ್ಲ. ನಮ್ಮ ಕಾಕಾನಿಗೆ ಮಾತ್ರ ಎರಡು ಸಲ ತಾಗಿಸಿದ್ದೆ. ಎರಡನೆಯ ಸಲ ಅವನು ಅಟ್ಟದ ಕೆಳಗೇ ನಿಂತಿದ್ದ. ಕಲ್ಲು ಕೈಗೊಡದಿದ್ದರಿಂದ ನಾನು ಕೂಗನ್ನೇ ನಂಬಿದೆ, ಅದು ಗಂಟಲಲ್ಲಿ ಬೇರು ಬಿಟ್ಟಿತು.

ಇಂಥ ನಾನು ಎಂಬತ್ತರ ದಶಕದಲ್ಲಿ ಅಣ್ಣಿಗೇರಿಗೆ ಬಂದು ಟೈಪಿಂಗ್ ಕ್ಲಾಸು ತೆರೆದೆ. ಇಂಗ್ಲಿಷಿನ ಮಷೀನು ಎರಡು, ಕನ್ನಡದ್ದು ಒಂದು, ಗೋಡೆಯ ಮೇಲೊಂದು ಗಡಿಯಾರ. ಮಧ್ಯಾಹ್ನ ಹುಡುಗ ಹುಡುಗಿಯರಿಗೆ ಕಲಿಸುವುದು, ಉಳಿದ ಹೊತ್ತು ಮಂದಿಯ ಅರ್ಜಿ, ಪ್ರಮಾಣಪತ್ರ ಬಡಿದುಕೊಡುವುದು. ಕೆಲಸದಲ್ಲಿ ಓಡಾಡುವುದು ಬೆರಳುಗಳಷ್ಟೇ. ಉಳಿದ ಶರೀರ ಕುರ್ಚಿಯ ಮೇಲೆ ಕೂತು ಬೆಳೆಯಿತು. ಒಂದು ದಿನ ನಾನು ಮನೆಯೊಳಗೆ ಬರುತ್ತಿದ್ದಾಗ ಗಿರಿಜಾ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿ ಹೇಳಿದಳು: "ನಿಮ್ಮ ಹೊಟ್ಟಿ ಬಂದು ಬರೋಬ್ಬರಿ ಒಂದು ಮಿನೀಟಿಗೆ ನೀವು ಬರ್ತೀರಿ ನೋಡ್ರಿ. ನಾಳಿಂದ ಮುಂಜಾನಿ ಗಾರ್ಡನ್ನಿಗೆ ಹೋಗಿ ಅಡ್ಡಾಡಿ ಬರ್ರಿ. ಇಲ್ಲಾಂದ್ರ ನಾ ತವರುಮನಿಗೆ ಹೋಗ್ತೀನಿ." ತವರುಮನೆ ಕುಬಿಹಾಳದಲ್ಲಿ, ಬಸ್ಸಿನಲ್ಲಿ ಒಂದೆರಡು ತಾಸಿನ ದಾರಿ. ಅವಳು ನಿಜವಾಗಿ ಹೋಗಬಲ್ಲವಳು. ನಾನು ಮಫ್ಲರ್ ಸುತ್ತಿಕೊಂಡು ಗಾರ್ಡನ್ನಿಗೆ ಹೋದೆ.

ಗಾರ್ಡನ್ ಎಂದರೆ ದೊಡ್ಡದೇನೂ ಅಲ್ಲ. ನಾಲ್ಕು ಬೇವಿನ ಗಿಡ, ಎರಡು ಹೊಂಗೆ, ಮಕ್ಕಳು ಜಾರುವ ಬಂಡೆ, ನೀರು ಬಾರದ ಕಾರಂಜಿ, ಒಂದು ಕಿವಿ ಮುರಿದ ಸಿಮೆಂಟಿನ ಜಿಂಕೆ. ಮೂಲೆಯಲ್ಲೊಂದು ನಳ. ಅದು ಹಗಲೂ ರಾತ್ರಿ ತೊಟ್ಟಿಕ್ಕಿ ಅದರ ಸುತ್ತ ಹೊದೆಯುವ ಕೌದಿಯಷ್ಟು ಅಗಲದ ಹಸಿರು ಹುಲ್ಲು ಬೆಳೆದಿತ್ತು. ಇಡೀ ಊರು ಧೂಳು ತಿನ್ನುವ ದಿನಗಳಲ್ಲಿ ಅಲ್ಲಿ ಮಾತ್ರ ತಂಪು. ಮೊದಲ ದಿನ ನಾನು ಜಿಂಕೆಯವರೆಗೆ ನಡೆದು, ಸುಸ್ತಾಗಿ, ಕಾರಂಜಿಯ ಕಟ್ಟೆಗೆ ಕೂರಬೇಕು ಎನ್ನುವಷ್ಟರಲ್ಲಿ ಆ ಹುಲ್ಲಿನ ಮೇಲೆ ಹಕ್ಕಿಯೊಂದು ಕಂಡಿತು. ಬೂದು ಬಿಳಿ ಮೈ, ಕುತ್ತಿಗೆಗೆ ಕರಿ ಪಟ್ಟಿ, ಗುಬ್ಬಿಗಿಂತ ತೆಳ್ಳಗೆ. ಓಡುತ್ತದೆ, ನಿಲ್ಲುತ್ತದೆ, ಉದ್ದ ಬಾಲವನ್ನು ಮೇಲೆ ಕೆಳಗೆ ಆಡಿಸುತ್ತದೆ. ಮುಂದಿನದು ನಿಮಗೆ ಗೊತ್ತೇ ಇದೆ.

ನನ್ನ ಕೂಗಿಗೆ ಹಕ್ಕಿ ಹಾರಿತು. ಜೊತೆಗೆ ಸಿಮೆಂಟಿನ ಜಿಂಕೆಯ ಹಿಂದಿನಿಂದ ಎತ್ತರದ ಮುದುಕರೊಬ್ಬರು ಎದ್ದು ನಿಂತರು. ಬಿಳಿ ಧೋತರ, ಕರಿ ಕೋಟು, ಕಾಲಿಗೆ ಕಾಲುಚೀಲ ಸಮೇತ ಪಾಲಿಶ್ ಮಾಡಿದ ಬೂಟು. ಕೈಯಲ್ಲಿ ಉದ್ದನೆಯ ರಜಿಸ್ಟರು.

"ಯಾರ್ರೀ ಅದು? ಯಾಕ ಹಂಗ ಒದರಿದ್ರಿ?"

"ಹಕ್ಕಿ ಬಂದಿತ್ತ್ರಿ," ಎಂದೆ.

"ಬಂದಿತ್ತು, ಖರೆ. ನಿಮ್ಮ ಜೋಳ ಎಲ್ಲೈತಿ?"

ನಾನು ಸುತ್ತ ನೋಡಿದೆ. ಜೋಳ ಇರಲಿಲ್ಲ.

"ಅದು ಹುಳಾ ತಿನ್ನೂ ಹಕ್ಕಿ. ಸಿಪಿಲಿ ಅಂತಾರ. ಹಿಮಾಲಯದ ಕಡಿಂದ ಇಲ್ಲೀಮಟ ಬಂದೈತಿ, ನಿಮ್ಮ ಒದರಾಟ ಕೇಳಾಕಲ್ಲ." ಕಿಸೆಯಿಂದ ಸರಪಳಿಯ ಗಡಿಯಾರ ತೆಗೆದು ಕಣ್ಣಿನ ಹತ್ತಿರ ಹಿಡಿದು ನೋಡಿದರು. "ಆರು ಇಪ್ಪತ್ಮೂರು. ಅಡಚಣಿ," ಎನ್ನುತ್ತ ರಜಿಸ್ಟರಿನಲ್ಲಿ ಬರೆದುಕೊಂಡರು. ಆ ಅಡಚಣೆ ನಾನು.

ಹೀಗೆ ನನಗೆ ವೀರಭದ್ರಪ್ಪ ಮಾಸ್ತರ್ರ ಪರಿಚಯವಾಯಿತು. ಶಾಲೆಯ ಮಾಸ್ತರಲ್ಲ, ರೈಲ್ವೆ ಸ್ಟೇಶನ್ ಮಾಸ್ತರ್. ಮೂವತ್ತನಾಲ್ಕು ವರ್ಷ ಸಣ್ಣ ಸಣ್ಣ ಸ್ಟೇಶನ್ನುಗಳಲ್ಲಿ ನಿಶಾನೆ ತೋರಿಸಿ, ನಿವೃತ್ತರಾಗಿ ಸ್ವಂತ ಊರಿಗೆ ಬಂದಿದ್ದರು. ನೌಕರಿ ಅವರನ್ನು ಬಿಟ್ಟಿತ್ತು, ಅವರು ನೌಕರಿಯನ್ನು ಬಿಟ್ಟಿರಲಿಲ್ಲ. ಗಾಡಿಗಳ ಬದಲು ಹಕ್ಕಿಗಳು ಬಂದಿದ್ದವು, ಅಷ್ಟೇ ಫರಕು. ಅವರ ರಜಿಸ್ಟರಿನಲ್ಲಿ ಕೆಂಪು ಶಾಯಿಯಿಂದ ಗೆರೆ ಎಳೆದ ಕಾಲಮುಗಳಿದ್ದವು: ಹಕ್ಕಿಯ ಹೆಸರು, ಆಗಮನ, ನಿರ್ಗಮನ, ವೇಳೆ, ಷರಾ, ಕೊನೆಗೆ ನೋಡಿದವರ ಸಹಿ. ವರ್ಷವಿಡೀ ಇಲ್ಲೇ ಇರುವ ಗುಬ್ಬಿ, ಗೊರವಂಕಗಳು ಅವರ ಲೆಕ್ಕದಲ್ಲಿ ಲೋಕಲ್ ಗಾಡಿಗಳು. ಕಾಗೆ ಟಿಕೀಟು ಇಲ್ಲದೆ ಅಡ್ಡಾಡುವಂಥದ್ದು. ಚಳಿಗಾಲಕ್ಕೆ ಬಂದು ಬೇಸಿಗೆ ಹತ್ತುವಷ್ಟರಲ್ಲಿ ಹೋಗುವ ಸಿಪಿಲೆ ಮಾತ್ರ ದೂರದೂರಿನ ಮೇಲ್ ಗಾಡಿ. ಅದರ ಹೆಸರು ಹೇಳುವಾಗ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು.

ಮರುದಿನ ನಾನು ಮತ್ತೆ ಹೋದೆ. ಹಕ್ಕಿಯ ಮೇಲಿನ ಪ್ರೀತಿಯಿಂದ ಎಂದು ಬರೆದರೆ ಗಿರಿಜಾ ಓದಿ ನಗುತ್ತಾಳೆ. ಮಾಸ್ತರ್ರು ಹಕ್ಕಿ ನೋಡಿ ಮುಗಿದ ಮೇಲೆ ಸ್ಟೇಶನ್ನಿನ ಎದುರಿನ ಅಂಗಡಿಗೆ ಚಹಾಕ್ಕೆ ಹೋಗುತ್ತಿದ್ದರು. ಅಲ್ಲಿ ಬಿಸಿ ಮಿರ್ಚಿ ಭಜಿ ಸಿಗುತ್ತಿತ್ತು. ಅವರು ಚಹಾ ಕುಡಿಯುವುದರೊಳಗೆ ನಾನು ನಾಲ್ಕು ಭಜಿ ಮುಗಿಸುತ್ತಿದ್ದೆ. ತಿಂಗಳಾದ ಮೇಲೆ ಗಿರಿಜಾ ನನ್ನ ಹೊಟ್ಟೆಯನ್ನು ಮತ್ತೊಮ್ಮೆ ನೋಡಿ, "ಅಲ್ರೀ, ಅಡ್ಡಾಡಿದ್ರ ಕರಗ್ತೈತಿ ಅಂದಿದ್ರು. ಇದಕ್ಕ ಹವಾ ಚೊಲೋ ಹತ್ತಿದಂಗ ಕಾಣ್ತೈತಲ್ಲ," ಎಂದಳು.

ಆದರೂ ಕೂತಲ್ಲಿ ಕೂತು ನನಗೂ ನಾಲ್ಕು ಹಕ್ಕಿ ಗೊತ್ತಾದವು. ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುವುದನ್ನು ಕಲಿತೆ. ಚಳಿ ಸರಿಯತೊಡಗಿತ್ತು. ಬೇವು ಹಳದಿ ಎಲೆ ಉದುರಿಸಿ, ನಾಲ್ಕು ದಿನ ಬೋಳಾಗಿ ನಿಂತು, ಕೆಂಪು ಚಿಗುರು ಬಿಡತೊಡಗಿತು. ಎಲ್ಲೋ ಕಾಣದ ಟೊಂಗೆಯಲ್ಲಿ ಕೂತು ಟುಕ್ ಟುಕ್ ಎಂದು ಬಡಿಯುವ ಹಸಿರು ಹಕ್ಕಿಯನ್ನು ಮಾಸ್ತರ್ರು "ಹಳಿ ಬಡಿಯೂ ಗ್ಯಾಂಗ್‌ಮನ್ ಬಂದ," ಎಂದು ಸ್ವಾಗತಿಸಿದರು. ಒಂದು ದಿನ ಕೋಗಿಲೆ ಅರ್ಧ ದನಿ ತೆಗೆದು, ಸರಿಹೋಗದೆ ನಿಲ್ಲಿಸಿತು. "ಹಾರ್ನ್ ಟೆಸ್ಟ್ ಮಾಡಾಕತ್ತೈತಿ. ಇನ್ನ ಸಿಪಿಲಿ ಹೊರಡೂ ದಿನ ಹತ್ರ ಬಂತು," ಎಂದರು ಮಾಸ್ತರ್ರು. ಹಾಗೆನ್ನುವಾಗ ಅವರ ದನಿ ಸಣ್ಣಗಾಯಿತು.

ಯಾಕೆಂದು ಕೇಳಿದೆ. ಅವರು ರಜಿಸ್ಟರಿನ ಹಿಂದಿನ ಪುಟಗಳನ್ನು ತಿರುವಿ ತೋರಿಸಿದರು. ಮೂರು ವರ್ಷ ಸಿಪಿಲೆಯ ಆಗಮನ ದಿನ, ವೇಳೆ ಸಮೇತ ಇತ್ತು. ನಿರ್ಗಮನದ ಕಾಲಮು ಮೂರೂ ವರ್ಷ ಖಾಲಿ. ಮೊದಲ ವರ್ಷ ಆ ಹೊತ್ತಿಗೆ ಅವರು ಬೀಗರ ಊರಿಗೆ ಹೋಗಿದ್ದರು. ಎರಡನೆಯ ವರ್ಷ ಜ್ವರ. ಮೂರನೆಯ ವರ್ಷ ಕಣ್ಣಿಗೆ ಪೊರೆ ಬಂದು, ಗಾಳಿಗೆ ಅಲ್ಲಾಡುವ ಹುಲ್ಲನ್ನೇ ಸಿಪಿಲೆಯ ಬಾಲ ಎಂದು ಎಂಟು ದಿನ ನೋಡುತ್ತ ಕೂತಿದ್ದರು.

"ಗಾಡಿ ಬರೂದನ್ನ ಎಲ್ಲಾರೂ ನೋಡ್ತಾರ, ತಮ್ಮಾ. ಹೂವಿನ ಹಾರ ತರಾವ್ರು, ಹಮಾಲ್ರು, ಟಾಂಗಾದವ್ರು, ಭಾಳ ಮಂದಿ. ಅದು ಹೊಂಟು ಕಡೀ ಡಬ್ಬಿ ಕಣ್ಣಿಗೆ ಕಾಣದಂಗ ಆಗೂ ಮಟ ನಿಂತು ನೋಡೂದು ಸ್ಟೇಶನ್ ಮಾಸ್ತರನ ಕೆಲಸ. ನಾ ಒಂದ ಗಾಡೀನೂ ಹಂಗ ಸುಮ್ನ ಬಿಟ್ಟಾವಲ್ಲ. ಅಷ್ಟು ದೂರಿಂದ ಬಂದ ಹಕ್ಕಿ, ಯಾರೂ ನೋಡದಂಗ ಹೋಗ್ತೈತಿ ಅಂದ್ರ ಹೆಂಗ?"

ಇದೆಂಥ ಹುಚ್ಚು ಎಂದು ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿತ್ತು. ಆದರೆ ಆ ಮುದುಕರು ಖಾಲಿ ಕಾಲಮಿನ ಮೇಲೆ ಬೆರಳು ಆಡಿಸುತ್ತಿದ್ದ ರೀತಿ ನೋಡಿ ನಗಲಾಗಲಿಲ್ಲ.

ಆಮೇಲೆ ಒಂದು ವಾರಕ್ಕೆ ಹುಬ್ಬಳ್ಳಿಯಿಂದ ಅವರ ಮಗಳು ಬಂದಳು. ಕಣ್ಣಿನ ಆಪರೇಶನ್ನಿಗೆ ದಿನ ಗೊತ್ತಾಗಿತ್ತು. ಮುಂದೂಡಿ ಎಂದು ಮಾಸ್ತರ್ರು ಬೇಡಿಕೊಂಡರು. ಹಕ್ಕಿಯ ಸಲುವಾಗಿ ಎಂದು ಮಗಳಿಗೆ ಹೇಳಲಾರದೆ, ಪಂಚಾಂಗ ಸರಿಯಿಲ್ಲ ಎಂದರು. ಮಗಳು ಪಂಚಾಂಗ ತಂದು ನೋಡಿದಳು. ಅಗದಿ ಚಲೋ ದಿನ ಇತ್ತು. ಹೊರಡುವ ಮುನ್ನ ಮಾಸ್ತರ್ರು ನನ್ನ ಕ್ಲಾಸಿಗೆ ಬಂದು ರಜಿಸ್ಟರನ್ನು ಎರಡೂ ಕೈಯಿಂದ ನನಗೆ ಕೊಟ್ಟರು. "ಚಾರ್ಜ್ ತಗೋ ತಮ್ಮಾ. ದಿನಾ ಹೋಗು. ಐತೋ ಇಲ್ಲೋ ನೋಡು. ಎಷ್ಟೊತ್ತಿಗೆ ಕಂಡ್ತು ಬರಿ. ಸಹಿ ಮಾಡು. ಅಷ್ಟ ಕೆಲಸ."

"ನೀವು ಆರಾಮ್ ಇರ್ರಿ ಮಾಸ್ತರ್ರ. ಹಕ್ಕಿ ಇನ್ನ ನನ್ನ ಜವಾಬ್ದಾರಿ," ಎಂದೆ. ಎದೆಯ ಮೇಲೆ ಕೈ ಬೇರೆ ಇಟ್ಟುಕೊಂಡೆ.

ಮೊದಲ ದಿನ ಹೋದೆ. ಎರಡನೆಯ ದಿನವೂ ಹೋದೆ, ತುಸು ತಡವಾಗಿ. ಹಕ್ಕಿ ಇತ್ತು, ಬರೆದೆ. ಮೂರನೆಯ ದಿನ ಬೆಳಗ್ಗೆ ಎಚ್ಚರಾದಾಗ ಹೊರಗೆ ಮಂಜು ಕವಿದಿತ್ತು. ಚಳಿಗಾಲ ಹೋಗುವ ಮುನ್ನ ಒಮ್ಮೆ ಹಿಂತಿರುಗಿ ನೋಡುತ್ತದಲ್ಲ, ಅಂಥ ಚಳಿ. ಅವ್ವ ಹೊಲಿದುಕೊಟ್ಟ ಕೌದಿ ಮೈಮೇಲಿತ್ತು. ನಾನು ಕೌದಿಯೊಳಗೇ ಮಲಗಿ ನ್ಯಾಯವಾಗಿ ವಿಚಾರ ಮಾಡಿದೆ. ಹಕ್ಕಿ ನಿನ್ನೆ ಇತ್ತು. ಇಂದು ಎಲ್ಲಿಗೆ ಹೋದೀತು? ಈ ಚಳಿಯಲ್ಲಿ ಯಾವ ಶಾಣ್ಯಾ ಹಕ್ಕಿ ಹಿಮಾಲಯಕ್ಕೆ ಹೊರಡುತ್ತದೆ? ಅದೂ ಎಲ್ಲೋ ಮಲಗಿರುತ್ತದೆ. ಹೀಗೆ ಹಕ್ಕಿಯ ಪರವಾಗಿಯೂ ನಾನೇ ಮಲಗಿದೆ. ಮಧ್ಯಾಹ್ನ ಕ್ಲಾಸಿನಲ್ಲಿ ಕೂತು ಬರೆದೆ: ಸಿಪಿಲೆ, ಹಾಜರು, 6.10.

ಸುಳ್ಳಿನ ರುಚಿ ಭಜಿಯಂಥದು, ಒಂದಕ್ಕೆ ಕೈ ನಿಲ್ಲುವುದಿಲ್ಲ. ನಾಲ್ಕನೆಯ ದಿನ 6.10. ಐದನೆಯ ದಿನ 6.10. ಅನಂತರ ಏಳುವ ಪ್ರಯತ್ನವನ್ನೂ ಬಿಟ್ಟೆ. ಮಂದಿಗೆ ದಿನವಿಡೀ ‘ಮೇಲೆ ಬರೆದ ಸಂಗತಿಗಳು ನನಗೆ ತಿಳಿದ ಮಟ್ಟಿಗೆ ಸತ್ಯವಾಗಿವೆ’ ಎಂದು ಬಡಿದುಕೊಡುವವನಿಗೆ ಇದೇನು ದೊಡ್ಡದು? ಒಂದೆರಡು ದಿನ ಷರಾ ಕಾಲಮಿನಲ್ಲಿ ‘ಉಲ್ಲಾಸದಿಂದಿತ್ತು’ ಎಂದೂ ಸೇರಿಸಿದೆ. ಮಾಸ್ತರ್ರು ಬರುವ ಸುದ್ದಿ ಬಂದಾಗ, ಅಷ್ಟು ಆಸೆಪಟ್ಟ ಕಾಲಮು ಖಾಲಿ ಇರುವುದು ಬೇಡ, ಮುದುಕ ಜೀವಕ್ಕೆ ಖುಷಿಯಾಗಲಿ ಎಂದು ನಿರ್ಗಮನವನ್ನೂ ಬರೆದುಬಿಟ್ಟೆ. ವೇಳೆ 6.10. ಷರಾ: ‘ಉತ್ತರ ದಿಕ್ಕಿಗೆ, ಗಂಭೀರವಾಗಿ.’ ಬರೆದ ಮೇಲೆ ನನಗೇ ಕಣ್ಣು ತುಂಬಿ ಬಂತು. ನಾನು ಎಂಥ ದೊಡ್ಡ ಮನಸ್ಸಿನವನು ಎಂದು ಅಂದುಕೊಂಡೆ.

ಮಾಸ್ತರ್ರು ಹುಬ್ಬಳ್ಳಿಯಿಂದ ಇಳಿದವರೇ ನೇರ ನಮ್ಮ ಮನೆಗೆ ಬಂದರು. ಒಂದು ಕಣ್ಣಿಗೆ ಹಸಿರು ಬಟ್ಟೆಯ ಮರೆ, ಮೇಲೆ ಕಪ್ಪು ಕನ್ನಡಕ. ಗಿರಿಜಾ ಚಹಾ ಕೊಟ್ಟಳು. ಅವರು ಚಹಾ ಮುಟ್ಟದೆ ರಜಿಸ್ಟರು ಕೇಳಿದರು. ಇನ್ನೊಂದು ಕಣ್ಣಿನ ಹತ್ತಿರ ಹಿಡಿದು, ಬೆರಳಿಟ್ಟು, ಸಾಲು ಸಾಲಾಗಿ ಓದಿದರು. ನಿರ್ಗಮನದ ಹತ್ತಿರ ಬೆರಳು ನಿಂತಿತು. ಮುಖ ಅರಳಿದ್ದನ್ನು ನಾನು ಕಂಡೆ. ಆಮೇಲೆ ಬೆರಳು ಮತ್ತೆ ಮೇಲಕ್ಕೆ ಹೋಯಿತು.

"ಆರು ಹತ್ತು," ಎಂದರು. "ಆರು ಹತ್ತು. ಆರು ಹತ್ತು. ಆರು ಹತ್ತು." ಪುಟದ ಕೊನೆಯವರೆಗೆ ಓದಿದರು. ರಜಿಸ್ಟರನ್ನು ತೊಡೆಯ ಮೇಲೆ ಇಟ್ಟುಕೊಂಡರು.

"ತಮ್ಮಾ, ಮೂವತ್ನಾಕು ವರ್ಷ ಇಂಥಾ ಬುಕ್ಕು ನೋಡೀನಿ. ಖರೇ ಗಾಡಿ ಇವತ್ತು ಎರಡು ಮಿನೀಟ ಮೊದಲ ಬರ್ತೈತಿ, ನಾಳಿ ಹತ್ತು ಮಿನೀಟ ಲೇಟ್ ಬರ್ತೈತಿ. ದಿನಾ ಆರು ಹತ್ತಕ್ಕ ಬರೂದು ಕಾಗದದ ಮ್ಯಾಲಿನ ಗಾಡಿ ಅಷ್ಟ."

ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅಡುಗೆಮನೆಯಿಂದ ಗಿರಿಜಾಳ ದನಿ ಬಂತು. ಪಾಪ, ಅವಳಿಗೆ ಇದರ ಒಳಗು ಹೊರಗು ಒಂದೂ ಗೊತ್ತಿರಲಿಲ್ಲ.

"ಆರು ಹತ್ತಕ್ಕ ಯಾರ್ರೀ ಮಾಸ್ತರ್ರ? ನಮ್ಮನಿಯವರು ನೀವು ಹೋದಾಗಿಂದ ಏಳೂವರಿಗೇ ಏಳಾಕತ್ತಾರ. ನೀವಾರ ಒಂದೀಟು ಬುದ್ಧಿ ಹೇಳ್ರಿ."

ಮಾಸ್ತರ್ರು ಬುದ್ಧಿ ಹೇಳಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ನಾನೂ ಏನಾದರೂ ಅಂದು, ಜಗಳವಾಗಿ, ಸಮಾಧಾನವಾಗುತ್ತಿತ್ತು. ಅವರು ಕೋಟಿನ ಕಿಸೆಯಿಂದ ಕೆಂಪು ಶಾಯಿಯ ಪೆನ್ನು ತೆಗೆದು, ನಾನು ಬರೆದ ಎಲ್ಲಾ ಸಾಲುಗಳ ಮೇಲೆ ಒಂದು ಗೆರೆ ಎಳೆದರು. ಖರೆ ನೋಡಿದ್ದ ಮೊದಲ ಎರಡು ದಿನಗಳ ಮೇಲೂ ಗೆರೆ ಹೋಯಿತು. ಅವೆರಡು ಖರೆ ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಬದಿಗೆ ಬರೆದರು: ‘ನೋಡಿದವರಿಲ್ಲ.’

"ನಾಕನೇ ವರ್ಷಾನೂ ಖಾಲಿ ಆತು ನೋಡು," ಎಂದು ತಮಗೆ ತಾವೇ ಹೇಳಿಕೊಂಡು ಎದ್ದು ಹೋದರು. ಚಹಾ ಹಾಗೇ ಆರಿತ್ತು.

ನನಗೆ ಅಂದು ಊಟ ಸೇರಲಿಲ್ಲ. ಇದನ್ನು ಗಿರಿಜಾ ಇವತ್ತಿಗೂ ಒಂದು ಚಮತ್ಕಾರದಂತೆ ಹೇಳಿಕೊಳ್ಳುತ್ತಾಳೆ. ನಾಚಿಕೆ ಎಂದರೆ ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು, ಕಾಕಾನಿಗೆ ಕಲ್ಲು ತಾಗಿಸಿದಾಗ ಆಗಿತ್ತು. ಇದು ಅದಲ್ಲ. ಒಬ್ಬ ಮನುಷ್ಯ ಎರಡೂ ಕೈಯಿಂದ ಕೊಟ್ಟದ್ದನ್ನು ನಾನು ಮಗ್ಗುಲಾಗಿ ಮಲಗಿ ಹಾಳು ಮಾಡಿದ್ದೆ.

ಮರುದಿನ ಬೆಳಗಾಗುವ ಮೊದಲೇ ಗಾರ್ಡನ್ನಿಗೆ ಹೋದೆ. ಕ್ಷಮೆ ಕೇಳುವ ಮಾತುಗಳನ್ನು ದಾರಿಯಲ್ಲಿ ನಾಲ್ಕು ಸಲ ಬಾಯಿಪಾಠ ಮಾಡಿದ್ದೆ. ಮಾಸ್ತರ್ರು ಆಗಲೇ ಕಾರಂಜಿಯ ಕಟ್ಟೆಯ ಮೇಲೆ ಕೂತಿದ್ದರು. ನಾನು ಹತ್ತಿರ ಹೋಗಿ ಗಂಟಲು ಸರಿಮಾಡಿಕೊಂಡೆ. ಅವರು ಕೈ ಎತ್ತಿ ಸುಮ್ಮನಿರೆಂದರು, ಬೆರಳು ನಳದ ಕಡೆಗೆ ತೋರಿಸಿತು. ಹುಲ್ಲಿನ ಮೇಲೆ ಬೂದು ಬಿಳಿ ಹಕ್ಕಿಯೊಂದು ಓಡಿತು, ನಿಂತಿತು, ಬಾಲ ಆಡಿಸಿತು.

"ಉತ್ತರ ದಿಕ್ಕಿಗೆ ಗಂಭೀರವಾಗಿ ಹೋಗಿತ್ತಲ್ಲೋ?" ಎಂದರು ಮಾಸ್ತರ್ರು. "ಮತ್ತ ಇದ್ಯಾರು? ಅದರ ಕಾಕಾನ?"

ನನಗೆ ನಗುವೂ ಬಂತು, ಅಳುವೂ ಬಂತು. ಹಕ್ಕಿ ಹೋಗಿರಲಿಲ್ಲ! ಕಾಲಮು ಇನ್ನೂ ತುಂಬಬಹುದಿತ್ತು. ಎಂಥ ಜಾಣತನ ಹಕ್ಕಿಯದು ಎಂದು ಅದಕ್ಕೆ ಅಲ್ಲೇ ಕೈಮುಗಿದೆ.

ಅಂದಿನಿಂದ ದಿನವೂ ಹೋದೆ. ಮಾಸ್ತರ್ರು ಮಾತಾಡುತ್ತಿದ್ದರು, ಚಹಾಕ್ಕೆ ಕರೆಯುತ್ತಿದ್ದರು, ಎಲ್ಲ ಮೊದಲಿನಂತೆಯೇ ಇತ್ತು. ರಜಿಸ್ಟರನ್ನು ಮಾತ್ರ ನನ್ನ ಕೈಗೆ ಕೊಡುತ್ತಿರಲಿಲ್ಲ. ಸಿಪಿಲೆಯನ್ನು ಮೊದಲು ನಾನೇ ಕಂಡು ತೋರಿಸಿದರೂ, ಅವರು ತಮ್ಮ ಒಂದು ಕಣ್ಣು ಕಿರಿದು ಮಾಡಿ, ಬಾಲ ಆಡುವುದನ್ನು ತಾವೇ ನೋಡಿದ ಮೇಲೆಯೇ ಬರೆಯುತ್ತಿದ್ದರು. ಒಮ್ಮೆ ಹಾಗೆ ನೋಡಲು ಅವರಿಗೆ ಅರ್ಧ ತಾಸು ಹಿಡಿಯಿತು. ಹಕ್ಕಿ ಅಷ್ಟೂ ಹೊತ್ತು ನಮ್ಮೆದುರೇ ಇತ್ತು. ನಾನು ಬಾಯಿ ಮುಚ್ಚಿ ಕೂತಿದ್ದೆ.

ಬಿಸಿಲು ಬಲಿಯಿತು. ಮಫ್ಲರು ಪೆಟ್ಟಿಗೆ ಸೇರಿತು. ಬೇವು ಹಸಿರಾಗಿ, ಕೋಗಿಲೆ ದನಿ ಸರಿಮಾಡಿಕೊಂಡು ಊರಿಗೆಲ್ಲ ಕೇಳುವಂತೆ ಕೂಗತೊಡಗಿತು. ಅಷ್ಟರಲ್ಲಿ ಒಂದು ಮಂಗಳವಾರ ಮಾಸ್ತರ್ರು ಕಣ್ಣು ತೋರಿಸಿಕೊಂಡು ಬರಲು ಹುಬ್ಬಳ್ಳಿಗೆ ಹೋಗಲೇಬೇಕಾಯಿತು. ಹಿಂದಿನ ದಿನ ನನಗೆ ಹೇಳಿದರು. ನೋಡುತ್ತಿರು ಎನ್ನಲಿಲ್ಲ. ರಜಿಸ್ಟರನ್ನು ತಮ್ಮ ಚೀಲದಲ್ಲೇ ಇಟ್ಟುಕೊಂಡು, "ಒಂದ ದಿನದ ಮಾತು," ಎಂದರು. ನಾನು ಹೂಂ ಎಂದೆ. ಏನೆಂದು ಕೇಳಲಿ?

ಮಂಗಳವಾರ ಬೆಳಗ್ಗೆ ತಡವಾಗಿ ಎಚ್ಚರಾಯಿತು. ಎದ್ದವನೇ ಮುಖ ಕೂಡ ತೊಳೆಯದೆ ಓಡಿದೆ. ನನ್ನ ಶರೀರ ಓಡುವುದನ್ನು ಆ ಓಣಿಯವರು ಮೊದಲ ಸಲ ಕಂಡದ್ದು. ಒಬ್ಬಾಕೆ "ಯಾರಿಗೆ ಏನಾತ್ರೀ?" ಎಂದು ಕೇಳಿದಳು. ಗಾರ್ಡನ್ನಿಗೆ ಮುಟ್ಟಿದಾಗ ಹಕ್ಕಿ ನಳದ ಹತ್ತಿರ ಇತ್ತು. ಏದುಸಿರು ಬಿಡುತ್ತ ಕೂತೆ. ಅದು ಹುಲ್ಲಿನಲ್ಲಿ ಹುಳ ಹೆಕ್ಕಿತು, ತೊಟ್ಟಿಕ್ಕುವ ನೀರಿಗೆ ಕೊಕ್ಕು ಒಡ್ಡಿತು, ಪುಕ್ಕ ಕೆದರಿಕೊಂಡಿತು. ಜಿಂಕೆಯ ಬೆನ್ನೇರಿ ಮೂರು ಸಲ ಬಾಲ ಆಡಿಸಿತು. ಚಿಸಿಕ್ ಎಂದು ಕೂಗಿ, ಅಲೆ ಅಲೆಯಾಗಿ ಏರುತ್ತ ಇಳಿಯುತ್ತ ಹಾರಿ, ಬೇವಿನ ಗಿಡದ ಮೇಲೆ ಹಾಯ್ದು ಕಾಣದಾಯಿತು. ಗಂಭೀರವಾಗಿ ಏನೂ ಹೋಗಲಿಲ್ಲ. ದಿನಾ ಹೋದಂತೆಯೇ ಹೋಯಿತು.

ಬುಧವಾರ ಮಾಸ್ತರ್ರು ಬಂದರು, ಹಕ್ಕಿ ಬರಲಿಲ್ಲ. ಗುರುವಾರ ಬರಲಿಲ್ಲ. ಶುಕ್ರವಾರ, ಶನಿವಾರವೂ ನಳದ ಸುತ್ತ ಗುಬ್ಬಿಗಳಷ್ಟೇ. ಮಂಗಳವಾರದ ಸಂಗತಿಯನ್ನು ನಾನಿನ್ನೂ ಹೇಳಿರಲಿಲ್ಲ. ಹೇಳಿದರೆ ನಂಬುತ್ತಾರೆಯೇ? ‘ನಾ ನೋಡೀನಿ’ ಎನ್ನಲು ನನಗೆ ಬಾಯಿ ಎಲ್ಲಿತ್ತು?

ಐದನೆಯ ದಿನ ರವಿವಾರ ಮಾಸ್ತರ್ರು ಬಿಸಿಲೇರುವವರೆಗೆ ಕಾದು, ರಜಿಸ್ಟರು ತೆರೆದು ಪೆನ್ನು ಹಿಡಿದರು. ಬರೆಯಲಿಲ್ಲ.

"ನಾ ಕಡೀಕ ನೋಡಿದ್ದು ಸೋಮವಾರ. ಮಂಗಳವಾರ ನಾ ಇದ್ದಿದ್ದಿಲ್ಲ. ಸೋಮವಾರ ಹೋತು ಅಂತ ಬರದ್ರ ಖರೆ ಆಗೂದಿಲ್ಲ. ಈ ವರ್ಷಾನೂ ಬಿಟ್ಟುಬಿಡೂಣು," ಎಂದು ಪೆನ್ನಿನ ಟೊಪ್ಪಿಗೆ ಹಾಕತೊಡಗಿದರು.

"ಮಂಗಳವಾರ ಇತ್ತ್ರಿ," ಎಂದೆ.

ಅವರು ತಲೆ ಎತ್ತಲಿಲ್ಲ. "ಯಾರ್ ನೋಡ್ಯಾರ?"

"ನಾ ನೋಡೀನ್ರಿ."

ಅವರು ಪೆನ್ನಿನ ಟೊಪ್ಪಿಗೆ ಹಾಕಿ ಮುಗಿಸಿದರು. ಮೇಲೆ ಗಿಡದಲ್ಲಿ ಗ್ಯಾಂಗ್‌ಮನ್ ಬಡಿಯುತ್ತಲೇ ಇತ್ತು. ಆಮೇಲೆ ಕೇಳಿದರು: "ಎಷ್ಟೊತ್ತಿಗೆ?"

ಇಲ್ಲಿ ನನ್ನ ನಾಲಿಗೆಯ ತುದಿಗೆ ಒಂದು ವೇಳೆ ಬಂದು ನಿಂತಿತು. ಆರು ಇಪ್ಪತ್ತೇಳು. ಎಷ್ಟು ಚಂದದ ವೇಳೆ! ಹತ್ತೂ ಅಲ್ಲ, ಹದಿನೈದೂ ಅಲ್ಲ, ಯಾರು ಕೇಳಿದರೂ ಖರೆ ಎನ್ನಬೇಕು. ನಾನು ಕೆಟ್ಟದ್ದನ್ನು ಬೇಗ ಕಲಿಯುವವನು. ಅದನ್ನು ಹೇಳಿದ್ದರೆ ಅವರು ನಂಬುತ್ತಿದ್ದರು ಎಂದು ನನಗೆ ಈಗಲೂ ಅನ್ನಿಸುತ್ತದೆ.

"ಗೊತ್ತಿಲ್ರಿ," ಎಂದೆ. "ಎದ್ದೂದ ತಡಾ ಆಗಿತ್ತು. ವಾಚು ಮನ್ಯಾಗ ಬಿಟ್ಟು ಓಡಿ ಬಂದಿದ್ದೆ. ಬೆಳಕು ಹರದಿತ್ತು, ಜಿಂಕಿ ಮ್ಯಾಲ ಬಿಸಲು ಬಿದ್ದಿದ್ದಿಲ್ಲ."

"ಯಾ ದಿಕ್ಕಿಗೆ ಹೋತು?"

"ಆ ಬೇವಿನ ಗಿಡದ ಮ್ಯಾಲೆ ಹಾದು ಹೋತ್ರಿ. ಮುಂದ ಎತ್ತಾಗ ಹೋತೋ, ನನಗ ಕಾಣ್ಲಿಲ್ಲ."

ಮಾಸ್ತರ್ರು ಕಪ್ಪು ಕನ್ನಡಕ ತೆಗೆದರು. ಆಪರೇಶನ್ ಆದ ಕಣ್ಣಿನಲ್ಲಿ ಇನ್ನೂ ಕೆಂಪು ಇತ್ತು. ಆ ಕಣ್ಣಿನಿಂದಲೇ ನನ್ನನ್ನು ನೋಡಿದರು. ನಾನು ಕೆಳಗೆ ನೋಡಲಿಲ್ಲ. ಅವರು ಪೆನ್ನಿನ ಟೊಪ್ಪಿಗೆ ಮತ್ತೆ ತೆಗೆದು, ನಿರ್ಗಮನದ ಕಾಲಮಿನಲ್ಲಿ ನಿಧಾನವಾಗಿ ‘ಮಂಗಳವಾರ’ ಎಂದು ಬರೆದರು. ವೇಳೆಯ ಕಾಲಮಿಗೆ ಬಂದು ಪೆನ್ನು ತುಸು ನಿಂತಿತು. ಅದನ್ನು ಖಾಲಿ ಬಿಟ್ಟು ಮುಂದೆ ಹೋದರು. ಮೂವತ್ತನಾಲ್ಕು ವರ್ಷ ಗಾಡಿ ಬಿಟ್ಟ ಮನುಷ್ಯ, ವೇಳೆ ಇಲ್ಲದೆ. ಆಮೇಲೆ ರಜಿಸ್ಟರನ್ನು ನನ್ನ ಕಡೆ ತಿರುಗಿಸಿ, ಎರಡೂ ಕೈಯಿಂದ ಪೆನ್ನು ಮುಂದೆ ಹಿಡಿದರು.

"ಸಹಿ ಮಾಡ್ರಿ," ಎಂದರು. ಮೊದಲ ದಿನ ಬಿಟ್ಟರೆ ಆ ಚಳಿಗಾಲವಿಡೀ ನನಗೆ ‘ತಮ್ಮಾ’ ಎನ್ನುತ್ತಿದ್ದವರು ಅಂದು ‘ರಿ’ ಹಚ್ಚಿ ಮಾತಾಡಿದರು.

ನೋಡಿದವರ ಕಾಲಮಿನಲ್ಲಿ ಸಹಿ ಮಾಡಿದೆ. ಅದು ನನ್ನ ಸಹಿಯಂತೆ ಕಾಣಲೇ ಇಲ್ಲ. ಆಮೇಲೆ ನಾನು ಅತ್ತುಬಿಟ್ಟೆ, ಅಷ್ಟು ದೊಡ್ಡ ಹೊಟ್ಟೆ ಅಲ್ಲಾಡುವ ಹಾಗೆ. ಮಾಸ್ತರ್ರು ಬೇವಿನ ಗಿಡದ ಕಡೆ ನೋಡುತ್ತ ನಿಂತಿದ್ದರು. ನನ್ನ ಅಳು ಕಂಡಿರಬೇಕು. ಷರಾ ಕಾಲಮಿನಲ್ಲಿ ಮಾತ್ರ ಬರೆಯಲಿಲ್ಲ.